ಹೊರದೀಪದವನ ಮಗಳು

ಜನವರಿ 6, ಸೋಮವಾರ

ಈ ಡೈರಿ ತಂದದ್ದು ರಕ್ತದೊತ್ತಡ ಬರೆದಿಡುವುದಕ್ಕೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬರೆಯಿರಿ ಎಂದು ಡಾಕ್ಟರ್ ಹೇಳಿದರು. ಹೆಂಡತಿ ಅಂಗಡಿಗೆ ಹೋದವಳು ದಿನಕ್ಕೊಂದು ಪುಟವಿರುವ ದಪ್ಪ ಡೈರಿಯನ್ನೇ ಹೊತ್ತು ತಂದಳು. ಎರಡು ಅಂಕಿ ಬರೆದ ಮೇಲೆ ಪುಟವೆಲ್ಲ ಖಾಲಿ. ಜೀವಮಾನವೆಲ್ಲ ರೈಲಿನ ವೇಳಾಪಟ್ಟಿ ತಯಾರಿಸಿದವನಿಗೆ ಖಾಲಿ ಜಾಗ ಕಂಡರೆ ಕೈ ತುರಿಸುತ್ತದೆ. ಯಾರೂ ಓದಬಾರದು ಎಂಬ ಷರತ್ತನ್ನು ನನಗೆ ನಾನೇ ಹಾಕಿಕೊಂಡು ಬರೆಯುತ್ತಿದ್ದೇನೆ.

ಬೆಳಿಗ್ಗೆ 150/94. ಸಂಜೆ 148/92.

ನಿವೃತ್ತಿಯಾದ ಮೇಲೆ ಮನೆಯಲ್ಲಿ ನನ್ನ ಕೆಲಸವೇನು ಎಂದು ಇನ್ನೂ ತಿಳಿದಿಲ್ಲ. ಮೊನ್ನೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿಟ್ಟೆ. ಹೆಂಡತಿಗೆ ಉಪ್ಪು ಸಿಗದೆ ರೇಗಿಹೋಯಿತು. "ರೀ, ನಿಮ್ಮ ದಮ್ಮಯ್ಯ, ದಿನಾ ಎಲ್ಲಾದರೂ ಹೋಗಿ ಬನ್ನಿ" ಎಂದಳು.

ಹೋಗುವುದಕ್ಕೆ ಜಾಗ ತೋರಿಸಿದವನು ದೊಡ್ಡಪ್ಪನ ಮಗ. ಅಣ್ಣ ಕಟ್ಟಡದ ಗುತ್ತಿಗೆದಾರ; ಊರಿಗೆಲ್ಲ ಮನೆ ಕಟ್ಟಿ ಕೊಟ್ಟು ಈಗ ತನಗೊಂದು ಕಟ್ಟಿಕೊಳ್ಳುತ್ತಿದ್ದಾನೆ. ನಡುಮನೆಯ ಗೋಡೆಗೆ ನಮ್ಮ ವಂಶವೃಕ್ಷವನ್ನು ಹಿತ್ತಾಳೆ ಫಲಕದಲ್ಲಿ ಕೆತ್ತಿಸಿ ಹಾಕಬೇಕಂತೆ. "ಲೋ, ನಿನಗೆ ಹೇಗೂ ಕೆಲಸ ಇಲ್ಲ. ಯಾರು ಯಾವಾಗ ಹುಟ್ಟಿದ್ರು, ಏನು ಮಾಡ್ತಿದ್ರು, ಎಲ್ಲ ಹುಡುಕಿ ಕೊಡು. ತಾತನ ಹೆಸರಿನ ಕೆಳಗೆ 'ದೀಪಸ್ತಂಭದ ಮುಖ್ಯಾಧಿಕಾರಿ' ಅಂತ ದಪ್ಪಗೆ ಬರಬೇಕು" ಎಂದ.

ತಾತನ ಮೂರು ಮಕ್ಕಳಲ್ಲಿ ದೊಡ್ಡಪ್ಪನೂ ಅಪ್ಪನೂ ತೀರಿಕೊಂಡು ವರ್ಷಗಳಾದವು. ಉಳಿದವರು ಕೊನೆಯವರಾದ ಅತ್ತೆ ಒಬ್ಬರೇ. ಎಂಬತ್ತು ದಾಟಿದೆ, ಒಬ್ಬರೇ ಇದ್ದಾರೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವರು. ಅಮ್ಮ ಹಾಸಿಗೆ ಹಿಡಿದ ವರ್ಷಗಳಲ್ಲಿ ನನಗೆ ತಲೆ ಬಾಚಿ ಶಾಲೆಗೆ ಕಳಿಸಿದವರು ಅವರೇ. ಫೋನ್ ಮಾಡಿ ತಾತನ ಬಗ್ಗೆ ಕೇಳಿದೆ.

"ಅವರ ವಿಷಯ ನನ್ನನ್ನೇನು ಕೇಳ್ತೀಯ? ಮನೇಲಿ ಒಂದು ಗಡಿಯಾರ ಇತ್ತು, ಅವರೂ ಇದ್ರು" ಎಂದರು. ಅತ್ತೆಯ ಬಾಯಿಗೆ ಬೀಗವಿಲ್ಲ.

ಜನವರಿ 16, ಗುರುವಾರ

ಬೆಳಿಗ್ಗೆ 146/90. ಸಂಜೆ ಅಳೆಯಲು ಪುರುಸೊತ್ತಾಗಲಿಲ್ಲ.

ಬಂದರು ಕಚೇರಿಯ ದಾಖಲೆ ಕೋಣೆಯಲ್ಲಿ ನಾಲ್ಕು ದಿನ ಕಳೆದೆ. ಕಿಟಕಿಯ ಗಾಜು ಉಪ್ಪುಗಾಳಿಗೆ ಮಬ್ಬಾಗಿದೆ, ಮೇಜಿನ ಒಂದು ಕಾಲಿನ ಕೆಳಗೆ ಮಡಿಸಿದ ರಟ್ಟು. ಕೋಣೆ ನೋಡಿಕೊಳ್ಳುವ ಹೆಂಗಸು ದಿನವೂ ಸ್ವೆಟರ್ ಹೆಣೆಯುತ್ತಾ ಕೂತಿರುತ್ತಾರೆ. ಕೇಳಿದ ಪುಸ್ತಕ ತಂದು ಕೊಡುತ್ತಾರೆ, ಕೇಳದ್ದನ್ನು ಕೊಡುವುದಿಲ್ಲ. ನನಗೆ ಇಂಥವರೇ ಇಷ್ಟ.

ಆ ಕಾಲದ ಹುದ್ದೆಗಳ ಹೆಸರೇ ಚೆಂದ. ಎಣ್ಣೆಯಾಳು ಎಂದರೆ ಡಬ್ಬಿ ಹೊತ್ತು ಮೆಟ್ಟಿಲು ಹತ್ತುವವನು. ಬತ್ತಿಯವನು ದಿನವೂ ಬತ್ತಿ ಕತ್ತರಿಸಿ ಗಾಜು ಒರೆಸುವವನು. ಗಂಟೆಯವನು ಮಂಜು ಕವಿದಾಗ ಗಂಟೆ ಬಾರಿಸುವವನು. ಇವರೆಲ್ಲ ಇರುತ್ತಿದ್ದದ್ದು ಒಳದೀಪದಲ್ಲಿ, ಅಂದರೆ ಬಂದರಿನ ಗೋಡೆಯ ಪಕ್ಕದ ದೀಪಸ್ತಂಭದಲ್ಲಿ. ಸಂಜೆ ಮನೆಗೆ ಹೋಗಿ ಉಂಡು ಬರಬಹುದು. ಕಡಲ ನಡುವಿನ ಬಂಡೆಯ ಮೇಲಿದ್ದದ್ದು ಹೊರದೀಪ. ಅಲ್ಲಿಗೆ ನೇಮಕವಾದವನು ಹೊರದೀಪದವನು. ಹೋದರೆ ಪೂರ್ತಿ ಒಂದು ವರ್ಷ ಅಲ್ಲೇ. ಹೆಂಡತಿ ಮಕ್ಕಳನ್ನು ಕರೆದೊಯ್ಯುವ ಹಾಗಿಲ್ಲ, ನಡುವೆ ದಡಕ್ಕೆ ಬರುವ ಹಾಗಿಲ್ಲ.

ತಾತ ಎಣ್ಣೆಯಾಳಾಗಿ ಸೇರಿ, ಬತ್ತಿಯವನಾಗಿ, ಒಂದು ವರ್ಷ ಹೊರದೀಪದವನಾಗಿ, ಕೊನೆಗೆ ಒಳದೀಪದ ಎರಡನೆಯವನಾಗಿ, ಅಂದರೆ ಮೇಲಿನವನ ಸಹಾಯಕನಾಗಿ, ನಿವೃತ್ತರಾದರು. ಮುಖ್ಯಾಧಿಕಾರಿ ಎಂಬ ಹುದ್ದೆಯೇ ಅಲ್ಲಿರಲಿಲ್ಲ. ಅಣ್ಣನಿಗೆ ಫೋನಿನಲ್ಲಿ ಹೇಳಿದೆ.

"ಬತ್ತಿಯವನಾ? ಲೋ, ನೀನು ನನಗೇ ಬತ್ತಿ ಇಡ್ತಿದ್ದೀಯಾ?" ಎಂದ. ನಗು ತಡೆಯಲಾಗಲಿಲ್ಲ. ನಿವೃತ್ತಿಯಾದ ಮೇಲೆ ಇಷ್ಟು ಖುಷಿಯಾಗಿದ್ದ ದಿನ ನೆನಪಿಲ್ಲ.

ಜನವರಿ 27, ಸೋಮವಾರ

ಒಂದು ವಿಚಿತ್ರ ಸಿಕ್ಕಿದೆ.

ಪುರಸಭೆಯ ಜನನ ಪುಸ್ತಕದಲ್ಲಿ ಅತ್ತೆ ಹುಟ್ಟಿದ್ದು ನವೆಂಬರ್ ತಿಂಗಳು. ಬಂದರಿನ ಸೇವಾ ಪುಸ್ತಕದಲ್ಲಿ ಅದೇ ವರ್ಷ, ತಾತನ ಹೆಸರಿನ ಮುಂದೆ: "ಒಂದನೇ ತಿಂಗಳಿಂದ ಹನ್ನೆರಡನೇ ತಿಂಗಳವರೆಗೆ ಹೊರದೀಪದವನು. ರಜೆ ಇಲ್ಲ." ನವೆಂಬರಿನಲ್ಲಿ ಹುಟ್ಟಬೇಕಾದರೆ ಅಜ್ಜಿ ಫೆಬ್ರವರಿ ಹೊತ್ತಿಗೆ ಬಸುರಾಗಿರಬೇಕು. ಫೆಬ್ರವರಿಯಲ್ಲಿ ತಾತ ಬಂಡೆಯ ಮೇಲೆ.

ಹಿಂದು ಮುಂದು ಎರಡೂ ಕಡೆಯಿಂದ ಲೆಕ್ಕ ಹಾಕಿದೆ. ಉತ್ತರ ಒಂದೇ. ಅತ್ತೆ ತಾತನ ಮಗಳಾಗಿರಲು ಸಾಧ್ಯವಿಲ್ಲ.

ಹೆಂಡತಿ ಈರುಳ್ಳಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು. "ಇದನ್ನ ಇಲ್ಲಿಗೇ ಬಿಟ್ಟುಬಿಡಿ. ಯಾರಿಗೂ ಹೇಳೋದು ಬೇಡ."

"ಅಣ್ಣನಿಗೆ ಆಗಲೇ ಹೇಳಿಬಿಟ್ಟೆ" ಎಂದೆ. ಹೇಳದೆ ಇರುವುದು ಹೇಗೆ? ಫಲಕಕ್ಕೆಂದೇ ತಾನೆ ಹುಡುಕುತ್ತಿರುವುದು. ಲೆಕ್ಕ ಅಂದರೆ ಲೆಕ್ಕ. ಅದರಲ್ಲಿ ನಮ್ಮವರು, ಹೊರಗಿನವರು ಎಂದಿರುವುದಿಲ್ಲ.

ಅವಳು ಮತ್ತೆ ಈರುಳ್ಳಿ ಹೆಚ್ಚಲಿಲ್ಲ. ಊಟಕ್ಕೆ ಬರೀ ಬ್ರೆಡ್ಡು.

ಜನವರಿ 31, ಶುಕ್ರವಾರ

ಅತ್ತೆ ಫೋನ್ ಮಾಡಿದ್ದರು. ಅಣ್ಣ ಅತ್ತಿಗೆಗೆ ಹೇಳಿ, ಅತ್ತಿಗೆ ಇನ್ನಾರಿಗೋ ಹೇಳಿ, ನಾಲ್ಕು ದಿನದಲ್ಲಿ ಸುತ್ತಿಕೊಂಡು ಅವರ ಕಿವಿಗೇ ಹೋಗಿದೆ.

"ನೀನೇನೋ ಲೆಕ್ಕ ಹಾಕಿದ್ದೀಯಂತೆ. ಅವರಿವರ ಬಾಯಿಂದ ಯಾಕೆ? ನೀನೇ ಬಂದು ಹೇಳು" ಎಂದರು. ಎಕ್ಸ್‌ಚೇಂಜಿನ ಅದೇ ದನಿ. ಅದರಲ್ಲಿ ಕೋಪವಿದೆಯೋ ಇಲ್ಲವೋ ತಿಳಿಯುವುದಿಲ್ಲ.

152/98.

ಫೆಬ್ರವರಿ 1, ಶನಿವಾರ

ಅತ್ತೆಯ ಮನೆ ಸೈಕಲ್ ರಿಪೇರಿ ಅಂಗಡಿಯ ಮೇಲೆ, ಎರಡು ಕೋಣೆ. ಮೆಟ್ಟಿಲು ಹತ್ತುವಾಗ ಕೆಳಗೆ ಟ್ಯೂಬಿಗೆ ಗಾಳಿ ಹೊಡೆಯುವ ಸದ್ದು. ಅತ್ತೆ ಮೇಜು ಖಾಲಿ ಮಾಡಿ, ಕನ್ನಡಕ ಒರೆಸಿಟ್ಟುಕೊಂಡು ಕೂತಿದ್ದರು. ಎಂದಿನ ಹಾಗೆ "ತಿಂಡಿ ತಿಂದ್ಯಾ" ಎಂದು ಕೇಳಲಿಲ್ಲ.

ಎರಡು ನಕಲು ಪ್ರತಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟೆ. ಹೊರದೀಪದವನು ಎಂದರೇನು, ಯಾಕೆ ದಡಕ್ಕೆ ಬರುವಂತಿರಲಿಲ್ಲ, ತಿಂಗಳುಗಳನ್ನು ಹೇಗೆ ಎಣಿಸಿದೆ ಎಂದು ವಿವರಿಸಿದೆ. ಕಚೇರಿಯಲ್ಲಿ ಹೊಸಬರಿಗೆ ಹೇಳಿಕೊಡುತ್ತಿದ್ದ ಹಾಗೆಯೇ ಹೇಳಿದೆ ಎಂದು ಈಗ ಅನಿಸುತ್ತಿದೆ. ಪೆನ್ನಿನ ತುದಿಯಿಂದ ಸಾಲುಗಳನ್ನು ತೋರಿಸುತ್ತಾ ಹೋದೆ. ಅವರು ಪೆನ್ನು ಹೋದ ಕಡೆಯೆಲ್ಲ ನೋಡಿದರು.

ಮುಗಿದ ಮೇಲೆ ಒಂದೇ ಮಾತು ಹೇಳಿದರು. "ಹಾಗಾದ್ರೆ ಅವರಿಗೆ ಗೊತ್ತಿತ್ತು."

"ಯಾರಿಗೆ?"

"ಅಪ್ಪನಿಗೆ. ವಾಪಸು ಬಂದಾಗ ಮನೇಲಿ ಮಗು ಇತ್ತಲ್ಲ."

"ಗೊತ್ತಿರಲೇಬೇಕು ಅತ್ತೆ."

ಅತ್ತೆ ಎರಡೂ ಹಾಳೆಗಳನ್ನು ನನ್ನ ಕಡೆ ಸರಿಸಿದರು. ನಾನು ಕ್ಷಮಿಸಿ ಎನ್ನಬೇಕಾಗಿತ್ತು. ಅದರ ಬದಲು, "ದಾಖಲೆಯಲ್ಲಿ ಇದ್ದದ್ದನ್ನು ಹೇಳಿದೆ ಅಷ್ಟೇ" ಎಂದೆ. ಅವರು ಎದ್ದು ಟೀ ಮಾಡಿಕೊಟ್ಟರು. ಸಕ್ಕರೆ ಹಾಕಿರಲಿಲ್ಲ. ಮರೆತರೋ, ಬೇಕೆಂದೇ ಹಾಕಲಿಲ್ಲವೋ ತಿಳಿಯದೆ ಹಾಗೇ ಕುಡಿದೆ.

ಕೆಳಗಿಳಿಯುವಾಗ ಕೈಯಲ್ಲಿದ್ದ ಕಾಗದಗಳನ್ನು ಎಲ್ಲಾದರೂ ಎಸೆದುಬಿಡಬೇಕು ಅನಿಸಿತು. ಎಸೆಯಲಿಲ್ಲ, ಫೈಲಿಗೆ ಹಾಕಿದೆ.

ಫೆಬ್ರವರಿ 9, ಭಾನುವಾರ

ಬೆಳಿಗ್ಗೆ 150/96. ಸಂಜೆ 154/96.

ಅತ್ತೆಗೆ ಫೋನ್ ಮಾಡೋಣ ಎಂದು ದಿನವೂ ಅಂದುಕೊಳ್ಳುತ್ತೇನೆ. ಹೆಂಡತಿ ಒಂದು ಮಾತೂ ಬೈದಿಲ್ಲ. ಬೈದರೆ ಒಳ್ಳೆಯದಿತ್ತು.

ಫೆಬ್ರವರಿ 20, ಗುರುವಾರ

ಬೆಳಿಗ್ಗೆಯೇ ಅತ್ತೆಯ ಫೋನು. "ಸುತ್ತಿಗೆ ತಗೊಂಡು ಬಾ. ಮೊಳೆ ಹೊಡೆಯೋದಿದೆ."

ಹೋದರೆ, ಟ್ರಂಕಿನ ತಳದಿಂದ ತಾತನ ಫೋಟೋ ತೆಗೆದು, ಗಾಜು ತೊಳೆದು, ಬಟ್ಟೆಯ ಮೇಲೆ ಒಣಗಲು ಇಟ್ಟಿದ್ದಾರೆ. ನನಗೆ ತಿಳುವಳಿಕೆ ಬಂದಾಗಿನಿಂದ ಅವರ ಗೋಡೆಯ ಮೇಲೆ ತಾತನನ್ನು ಕಂಡವನಲ್ಲ. ಅಜ್ಜಿಯ ಫೋಟೋ ಇದೆ, ಎಕ್ಸ್‌ಚೇಂಜಿನ ಗೆಳತಿಯರದ್ದಿದೆ, ಅಂಗಿಯ ಗುಂಡಿ ತಪ್ಪಿಸಿ ಹಾಕಿಕೊಂಡ ನನ್ನದೂ ಒಂದಿದೆ.

"ನನ್ನ ಕುರ್ಚಿ ಎದುರಿಗೆ ಹೊಡಿ. ಕೂತಾಗ ಕಾಣಬೇಕು" ಎಂದರು.

ಮೊಳೆ ಹೊಡೆದೆ. ಆಮೇಲೆ ಅವರೇ ಮಾತು ತೆಗೆದರು.

"ಸಂಜೆ ಆದ್ರೆ ನಿಮ್ಮಪ್ಪನ್ನ, ದೊಡ್ಡಪ್ಪನ್ನ ಬಂದರಿನ ಗೋಡೆ ಹತ್ತಿರ ಕರಕೊಂಡು ಹೋಗೋರು. ಗೋಡೆ ಎತ್ತರ, ಮಕ್ಕಳಿಗೆ ಆ ಕಡೆ ಏನೂ ಕಾಣ್ತಿರಲಿಲ್ಲ. ಒಬ್ಬೊಬ್ಬರನ್ನೇ ಎತ್ತಿ, 'ನೋಡು, ಹೊರದೀಪ ಹತ್ತಿತು' ಅಂತ ತೋರಿಸೋರು. ನಾನೂ ಹಿಂದೇನೇ ಓಡ್ತಿದ್ದೆ. ಎರಡೂ ಕೈ ಮೇಲೆ ಮಾಡಿ ನಿಲ್ತಿದ್ದೆ. ನನ್ನ ಸರದಿ ಬಂದಾಗ 'ಹೊತ್ತಾಯ್ತು, ನಡೀರಿ' ಅನ್ನೋರು."

"ಒಂದು ಸಲಾನೂ ಎತ್ತಿಕೊಳ್ಳಲಿಲ್ವಾ?"

"ಇಲ್ಲ ಕಣೋ. ಹೊಡೀಲಿಲ್ಲ, ಬೈಯಲಿಲ್ಲ. ಶೂ ಕೊಡಿಸಿದ್ರು, ಫೀಸು ಕಟ್ಟಿದ್ರು. ಎತ್ತಿಕೊಳ್ಳಲಿಲ್ಲ, ಅಷ್ಟೇ. ದೊಡ್ಡವಳಾದ ಮೇಲೆ ನಾನು ಆ ಗೋಡೆ ಕಡೆ ಹೋಗಲೇ ಇಲ್ಲ. ಅಲ್ಲಿಂದ ಏನು ಕಾಣುತ್ತೆ ಅಂತ ಇವತ್ತಿಗೂ ಗೊತ್ತಿಲ್ಲ."

ನಾನು ಸುತ್ತಿಗೆ ಹಿಡಿದು ನಿಂತೇ ಇದ್ದೆ.

"ನನ್ನದೇ ಏನೋ ತಪ್ಪಿರಬೇಕು ಅಂತ ಇಷ್ಟು ವರ್ಷ ಹುಡುಕ್ತಿದ್ದೆ. ತುಂಬಾ ಅಳ್ತಿದ್ದೆನಾ, ಹಠ ಮಾಡಿದೆನಾ, ಕಪ್ಪಗಿದ್ದೆನಾ? ನೀನು ಅವತ್ತು ಹೇಳಿ ಹೋದ ಮೇಲೆ ಎರಡು ದಿನ ಅಮ್ಮನ ಮೇಲೆ ಸಿಟ್ಟು ಬಂತು. ಆಮೇಲೆ ಅನ್ನಿಸಿತು, ಅವಳ ಕಷ್ಟ ಅವಳಿಗೆ ಗೊತ್ತು. ಆದರೆ ಈ ಮನುಷ್ಯ ನೋಡು. ಬೇರೆಯವರ ಮಗು ಅಂತ ಗೊತ್ತಿದ್ದೂ ಅನ್ನ ಹಾಕಿ, ಓದಿಸಿ, ಎಲ್ಲೂ ಬಾಯಿ ಬಿಡಲಿಲ್ಲ. ಎತ್ತಿಕೊಳ್ಳೋಕೆ ಕೈ ಬರಲಿಲ್ಲ, ಅಷ್ಟು ತಾನೆ? ಪಾಪ."

ಇವತ್ತಿನ ಟೀಗೆ ಸಕ್ಕರೆ ಹಾಕಿದ್ದರು. ಬಿಸ್ಕತ್ತೂ ಕೊಟ್ಟರು. ಹೊರಡುವಾಗ, "ಅಲ್ಲಿ ಬಂಡೆ ಮೇಲೆ ವರ್ಷವೆಲ್ಲ ಏನು ತಿಂತಿದ್ರೋ. ನಿನ್ನ ಪುಸ್ತಕದಲ್ಲಿ ಇದ್ರೆ ನೋಡು" ಎಂದರು.

ದಾರಿಯುದ್ದಕ್ಕೂ ಹಗುರವಾಗಿದ್ದೆ. ನಾನು ಮಾಡಿದ್ದರಿಂದ ಒಂದು ಒಳ್ಳೆಯದೂ ಆಯಿತಲ್ಲ ಎಂದು ಹೆಂಡತಿಗೆ ಹೇಳಿದೆ. ಅವಳು "ಹೂಂ" ಎಂದಳು.

ಮಾರ್ಚ್ 4, ಮಂಗಳವಾರ

ಅಣ್ಣನ ಹೊಸ ಮನೆಗೆ ಹೋಗಿದ್ದೆ. ಸಿಮೆಂಟಿನ ವಾಸನೆ ಇನ್ನೂ ಹೋಗಿಲ್ಲ. ಫಲಕದ ನಮೂನೆಯನ್ನು ಬಿಳಿ ಹಾಳೆಯಲ್ಲಿ ಬರೆಸಿ ಗೋಡೆಗೆ ಅಂಟಿಸಿದ್ದಾನೆ. ತಾತ, ಅಜ್ಜಿ, ಕೆಳಗೆ ಎರಡೇ ಕೊಂಬೆ. ದೊಡ್ಡಪ್ಪ, ಅಪ್ಪ.

"ಅತ್ತೆ ಎಲ್ಲಿ?"

"ನೀನೇ ತಾನೆ ಲೆಕ್ಕ ಮಾಡಿ ಹೇಳಿದ್ದು? ವಂಶವೃಕ್ಷ ಅಂದ ಮೇಲೆ ರಕ್ತಸಂಬಂಧ. ಅವರ ಹೆಸರಿನ ಕೆಳಗೆ ನಾನೇನು ಅಂತ ಬರೆಸಲಿ?" ಎಂದ. ಏಪ್ರಿಲ್ ಮೊದಲಲ್ಲಿ ಬಂಧುಗಳನ್ನೆಲ್ಲ ಊಟಕ್ಕೆ ಕರೆದು ಫಲಕ ತೋರಿಸುತ್ತಾನಂತೆ.

ಅತ್ತೆಯ ಹೆಸರು ಹಾಕದಿದ್ದರೆ ನನ್ನದನ್ನೂ ತೆಗೆದುಬಿಡು ಎಂದೆ. ಇಷ್ಟು ವರ್ಷದಲ್ಲಿ ಅವನಿಗೆ ಎದುರು ಮಾತಾಡಿದ್ದು ಇದೇ ಮೊದಲು. ಅವನು "ಆಯ್ತಪ್ಪ, ಹೋಗಲಿ, ಹಾಕಿಸ್ತೀನಿ. ವಯಸ್ಸಾದವರು" ಎಂದ. ನನ್ನೆದುರೇ ಅತ್ತೆಗೆ ಫೋನ್ ಮಾಡಿ ಊಟಕ್ಕೂ ಕರೆದ.

ಅತ್ತೆಯ ದನಿ ನನಗೂ ಕೇಳುತ್ತಿತ್ತು. "ಊಟಕ್ಕೆ ಬರ್ತೀನಿ. ಹೆಸರು ಬೇಡ. 'ಹೋಗಲಿ ಪಾಪ' ಅಂತ ಸೇರಿಸಿಕೊಳ್ಳೋದು ಬೇಡ ಕಣಪ್ಪ. ಅವರು ಸಾಕಿದ್ದೇ ಸಾಕು."

ಮಾರ್ಚ್ 11, ಮಂಗಳವಾರ

ಏನು ಬರೆಯಲಿ.

ಅತ್ತೆ ಕೇಳಿದ್ದರಲ್ಲ, ಬಂಡೆಯ ಮೇಲೆ ತಾತ ಏನು ತಿನ್ನುತ್ತಿದ್ದರು ಎಂದು. ಅದಕ್ಕಾಗಿ ಇವತ್ತು ದೋಣಿಯ ಪುಸ್ತಕ ತರಿಸಿಕೊಂಡೆ. ಹೊರದೀಪಕ್ಕೆ ದೋಣಿ ಯಾವಾಗ ಹೋಯಿತು, ಏನು ಕೊಂಡೊಯ್ದಿತು ಎಲ್ಲ ಇದೆ. ಹಿಟ್ಟು, ಒಣಮೀನು, ಈರುಳ್ಳಿ, ಬೆಂಕಿಪೊಟ್ಟಣ. ಖುಷಿಯಿಂದ ಬರೆದುಕೊಳ್ಳುತ್ತಾ ಹೋದೆ. ಒಂಬತ್ತನೇ ತಿಂಗಳಿಗೆ ಬಂದಾಗ, "ಬಿರುಗಾಳಿ. ದೋಣಿ ಬಿಟ್ಟಿಲ್ಲ." ಹತ್ತನೇ ತಿಂಗಳೂ ಹಾಗೆಯೇ. ಹನ್ನೊಂದರಲ್ಲಿ ಒಂದೇ ಸಲ ಹೋಗಿದೆ.

ಒಂಬತ್ತನೇ ತಿಂಗಳು ಎಂದರೆ ಸೆಪ್ಟೆಂಬರ್. ಈ ಕಡಲಿಗೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಎಲ್ಲಿಯ ಬಿರುಗಾಳಿ? ಅದು ಜೂನ್, ಜುಲೈಯ ಮಾತು.

ಪುಸ್ತಕದ ಮೊದಲ ಹಾಳೆ ತಿರುವಿದೆ. ಕಡಲು ಶಾಂತವಾಗಿ ಹಡಗುಗಳು ಬರಲು ಶುರುವಾಗುವ ಅಕ್ಟೋಬರಿನಿಂದ ಕಚೇರಿಯ ವರ್ಷ ಆರಂಭ ಎಂದು ಬರೆದಿದೆ. ಅವರ ಒಂದನೇ ತಿಂಗಳೆಂದರೆ ಅಕ್ಟೋಬರ್. ಒಂಬತ್ತನೆಯದು ಜೂನ್. ತಾತ ಬಂಡೆಗೆ ಹೋದದ್ದು ಆ ವರ್ಷದ ಜನವರಿಯಲ್ಲಲ್ಲ, ಅಕ್ಟೋಬರಿನಲ್ಲಿ. ಫೆಬ್ರವರಿಯಲ್ಲಿ ಅವರು ಒಳದೀಪದಲ್ಲಿ ಬತ್ತಿ ಕತ್ತರಿಸಿ, ಸಂಜೆ ಮನೆಗೆ ಹೋಗಿ ಉಣ್ಣುತ್ತಿದ್ದರು. ಅವರು ಹೋದ ಮರುತಿಂಗಳು ಅತ್ತೆ ಹುಟ್ಟಿದರು.

ನನ್ನ ಸ್ವಂತ ಕಚೇರಿಯಲ್ಲಿ ವೇಳಾಪಟ್ಟಿಯ ವರ್ಷ ಶುರುವಾಗುತ್ತಿದ್ದದ್ದು ಜುಲೈಯಿಂದ. ಜೀವಮಾನವೆಲ್ಲ ಜುಲೈಯನ್ನು "ಒಂದನೇ ತಿಂಗಳು" ಎಂದು ಬರೆದವನು ನಾನು. ಬೇರೆ ಯಾರು ಎಡವಿದ್ದರೂ ಕ್ಷಮಿಸಬಹುದಿತ್ತು.

ಆ ಹೆಂಗಸು ಹೆಣಿಗೆ ನಿಲ್ಲಿಸಿ, "ನೀರು ಬೇಕಾ ಸರ್?" ಎಂದು ಕೇಳಿದರು.

ಮಾರ್ಚ್ 13

ಪುರಸಭೆಗೆ ಹೋಗಿ ಆ ವರ್ಷದ ಮದುವೆಗಳ ಪುಸ್ತಕ ನೋಡಿದೆ. ತಾತನ ತಮ್ಮನ ಮದುವೆ, ಮಾರ್ಚ್ ತಿಂಗಳು. ಸಾಕ್ಷಿಯಾಗಿ ತಾತನ ಸಹಿ, ಪಕ್ಕದಲ್ಲಿ "ಬತ್ತಿಯವನು, ಒಳದೀಪ." ಊರಲ್ಲೇ ಇದ್ದರು. ಇನ್ನು ಅನುಮಾನಕ್ಕೆ ಜಾಗವಿಲ್ಲ.

ಅಜ್ಜಿಯ ಮೇಲೂ ಕೆಸರೆರಚಿದೆನಲ್ಲ. ನನಗೆ ಬಟ್ಟಲಲ್ಲಿ ಹಾಲು ಕುಡಿಸಿದ ಮುದುಕಿ.

ಮಾರ್ಚ್, ಮೂರನೇ ವಾರ, ಶುಕ್ರವಾರ

ಎರಡು ಸಲ ಸೈಕಲ್ ಅಂಗಡಿಯವರೆಗೆ ಹೋಗಿ ಹಿಂತಿರುಗಿದೆ. ಎರಡನೆಯ ಸಲ ಅಂಗಡಿಯವನು "ಪಂಕ್ಚರ್ರಾ ಸರ್?" ಎಂದ. ನನ್ನ ಬಳಿ ಸೈಕಲ್ಲೇ ಇಲ್ಲ.

ಹೆಂಡತಿಯನ್ನು ಕೇಳಿದೆ. "ಹೇಳದೆ ಇದ್ದುಬಿಡಲಾ? ಆ ಫೋಟೋ ಎದುರು ಕೂತು ಟೀ ಕುಡೀತಾರೆ ಕಣೇ. ಸಮಾಧಾನವಾಗಿದ್ದಾರೆ."

"ಮೊದಲನೇ ಸಲ ಕೇಳಿದ್ರಾ ನನ್ನ? ಈಗ ಕೇಳ್ತಿದ್ದೀರಿ" ಎಂದಳು. ಸ್ವಲ್ಪ ಹೊತ್ತಾದ ಮೇಲೆ ಅವಳೇ, "ಹೇಳಬೇಡಿ ಅಂತಲೇ ಅನ್ನಿಸುತ್ತೆ. ಆದರೆ ಊಟದ ದಿನ ಅಷ್ಟು ಜನರ ಎದುರು ಅವರು ಹೊರಗಿನವರ ಹಾಗೆ ಕೂತಿರ್ತಾರಲ್ಲ, ಅದನ್ನ ನೀವು ನೋಡ್ಕೊಂಡು ಉಣ್ತೀರಾ?" ಎಂದಳು.

ಅಣ್ಣನಿಗೆ ಹೇಳಿದೆ. ಅವನು ಮೊದಲು ನಕ್ಕ, ಆಮೇಲೆ ರೇಗಿದ. "ನಿನ್ನ ಲೆಕ್ಕ ನಂಬಿ ನಾನು ಮನೆ ಕಟ್ಟಿಸಿದ್ರೆ ಬಾಗಿಲು ಛಾವಣಿ ಮೇಲೆ ಬರ್ತಿತ್ತು" ಎಂದ. ಆದರೂ ಕೆತ್ತುವವನಿಗೆ ಕೂಡಲೇ ಫೋನ್ ಮಾಡಿ ಕೆಲಸ ನಿಲ್ಲಿಸಿದ. ಮೂರು ಕೊಂಬೆ ಮಾಡಿಸುತ್ತಾನೆ. ಅತ್ತೆಗೂ ಈಗಲೇ ಫೋನ್ ಮಾಡುತ್ತೇನೆ ಎಂದ. ಬೇಡ, ನಾನೇ ಹೋಗುತ್ತೇನೆ ಎಂದೆ.

ಮಾರ್ಚ್ ಕೊನೆ

ಹೇಳಿ ಬಂದೆ.

ಈ ಸಲ ಕಾಗದ ಒಯ್ಯಲಿಲ್ಲ. ಅವರ ಕುರ್ಚಿಯ ಪಕ್ಕ ಸ್ಟೂಲು ಎಳೆದುಕೊಂಡು ಕೂತೆ. ಎದುರಿಗೆ ಫೋಟೋದಲ್ಲಿ ತಾತ. ನಾನು ತಪ್ಪು ಲೆಕ್ಕ ಹಾಕಿದೆ ಅತ್ತೆ, ನನ್ನದೇ ತಪ್ಪು, ಅಜ್ಜಿಯದೇನೂ ಇಲ್ಲ, ನೀವು ತಾತನ ಮಗಳೇ ಎಂದೆ. ಹೇಗೆ ಎಂದು ಕೇಳಿದರು. ಬಂದರಿನ ವರ್ಷದ ವಿಷಯ ಹೇಳಿದೆ. ಇನ್ನೊಂದು ಸಲ ಹೇಳು ಎಂದರು. ಹೇಳಿದೆ.

"ಅಮ್ಮನ್ನ ಎರಡು ದಿನ ಬೈಕೊಂಡೆನಲ್ಲೋ" ಎಂದರು ಮೊದಲು. ಕಣ್ಣು ಒರೆಸಿಕೊಂಡರು. ಸಮಾಧಾನವಾಯಿತು ಎಂದುಕೊಂಡೆ.

ಆಮೇಲೆ ಫೋಟೋ ಕಡೆ ನೋಡಿದರು. "ಹಾಗಾದ್ರೆ ನಾನು ಅವರದೇ ಮಗಳು."

"ಹೌದು ಅತ್ತೆ."

"ಮತ್ತೆ ಯಾಕೆ ಎತ್ತಿಕೊಳ್ಳಲಿಲ್ಲ?"

ಬಾಯಿಗೆ ಬಂದದ್ದನ್ನು ಹೇಳಿದೆ. "ಅವರು ಬಂಡೆಯಿಂದ ಬಂದಾಗ ನಿಮಗೆ ಹತ್ತು ತಿಂಗಳು ಅತ್ತೆ. ಗುರುತು ಇರಲಿಲ್ಲ. ನೋಡಿ ನೀವು ಅತ್ತಿರಬೇಕು. ಅವರಿಗೆ ಬೇಜಾರಾಗಿರಬೇಕು."

"ಹತ್ತು ತಿಂಗಳ ಮಗು ಅತ್ತಿತು ಅಂತ ಯಾರಾದ್ರೂ ಜೀವಮಾನ ಪೂರ್ತಿ ಮುಖ ತಿರುಗಿಸ್ತಾರೇನೋ?" ಎಂದರು. ದನಿ ಏರಲಿಲ್ಲ. "ಎರಡು ತಿಂಗಳು ನನ್ನ ಹತ್ತಿರ ಉತ್ತರ ಇತ್ತು. ಈಗ ಅದೂ ಇಲ್ಲ. ನೀನು ಸರಿಯಾಗೇ ಮಾಡಿದ್ದೀಯ ಬಿಡು. ನಿನ್ನ ಲೆಕ್ಕ ಈಗ ಸರಿ ಇದೆ."

ನನಗೆ ಅಳು ಬಂತು. ಚಿಕ್ಕವನಿದ್ದಾಗ ಅತ್ತರೆ ಅವರು ಸೆರಗಿನಿಂದ ಮೂಗು ಒರೆಸಿ, "ಲೈನ್‌ನಲ್ಲಿರು, ಈಗ ಅಮ್ಮನಿಗೆ ಕನೆಕ್ಟ್ ಮಾಡ್ತೀನಿ" ಎನ್ನುತ್ತಿದ್ದರು. ಇವತ್ತು ನನ್ನ ಕಡೆ ತಿರುಗಲಿಲ್ಲ. ಎದ್ದು ಒಳಗೆ ಹೋಗಿ ಟೀಗೆ ನೀರಿಟ್ಟರು.

ಫೋಟೋ ಇಳಿಸಲಾ ಎಂದು ಕೇಳಿದೆ. "ಇರಲಿ. ನಾನು ಕೇಳ್ತಾ ಇರ್ತೀನಿ" ಎಂದರು.

ಏಪ್ರಿಲ್

ಊಟವಾಯಿತು. ಫಲಕದಲ್ಲಿ ಮೂರು ಕೊಂಬೆ. ತಾತನ ಹೆಸರಿನ ಕೆಳಗೆ ಅಣ್ಣ "ಬತ್ತಿಯವನು, ಹೊರದೀಪದವನು" ಎಂದೇ ಹಾಕಿಸಿದ್ದಾನೆ. ಬಂದವರೆಲ್ಲ ಚೆನ್ನಾಗಿದೆ ಎಂದರು. ಅತ್ತೆ ತಮ್ಮ ಹೆಸರನ್ನು ಓದಿ, ಸೆರಗಿನ ತುದಿಯಿಂದ ಒಮ್ಮೆ ಒರೆಸಿ, ಪಾಯಸ ಎಲ್ಲಿ ಎಂದು ಕೇಳಿದರು.

ಬಿಪಿ ಬರೆಯುತ್ತಿದ್ದೀರಾ ಎಂದು ಹೆಂಡತಿ ಕೇಳಿದಳು. ನೋಡಿದರೆ ಎಷ್ಟೋ ದಿನದಿಂದ ಬರೆದೇ ಇಲ್ಲ.

ಏಪ್ರಿಲ್, ಭಾನುವಾರ ಇರಬೇಕು

ಈಗ ಸಂಜೆ ಹೊತ್ತು ಅತ್ತೆಯ ಮನೆಗೆ ಹೋಗುತ್ತೇನೆ. ಅವರು ಹೆಚ್ಚು ಮಾತಾಡುವುದಿಲ್ಲ, ಹೋಗು ಎಂದೂ ಹೇಳುವುದಿಲ್ಲ. ಇವತ್ತು ನಾನೇ, "ಬನ್ನಿ ಅತ್ತೆ, ಗೋಡೆ ಹತ್ತಿರ ಹೋಗಿ ಬರೋಣ" ಎಂದೆ. ಒಲ್ಲೆ ಎನ್ನುತ್ತಾರೆ ಎಂದುಕೊಂಡಿದ್ದೆ. ಚಪ್ಪಲಿ ಹುಡುಕಿದರು.

ಒಳದೀಪಕ್ಕೆ ಈಗ ಬೀಗ. ಗೋಡೆ ಹಾಗೇ ಇದೆ, ಕಪ್ಪು ಕಲ್ಲು. ಅತ್ತೆ ಒಂದು ಕಾಲಕ್ಕೆ ನನಗಿಂತ ಎತ್ತರವಿದ್ದವರು. ಈಗ ಬೆನ್ನು ಬಾಗಿ, ಗೋಡೆಯ ಅಂಚು ಅವರ ಹಣೆಗೆ ಬರುತ್ತದೆ. ಕತ್ತು ಚಾಚಿ ನೋಡಿದರು. ಏನೂ ಕಾಣಲಿಲ್ಲ.

ನಾನು ಎರಡೂ ತೋಳು ಮುಂದೆ ಚಾಚಿದೆ. ಅವರಿಗೆ ಅರ್ಥವಾಯಿತು.

"ಬೇಡ. ನಿನಗೆ ಬಿಪಿ. ಅಲ್ಲದೆ, ಅದು ನಿನ್ನ ಕೆಲಸ ಅಲ್ಲ" ಎಂದರು.

ಮೀನು ಮಾರುವವಳ ಹತ್ತಿರ ಒಂದು ಖಾಲಿ ಕ್ರೇಟು ಕೇಳಿ ತಂದೆ. ಮಗುಚಿ ಗೋಡೆಗೆ ತಾಗಿಸಿಟ್ಟೆ. ನನ್ನ ಹೆಗಲು ಹಿಡಿದು ಅತ್ತೆ ಅದರ ಮೇಲೆ ಹತ್ತಿದರು. ಹೊತ್ತು ಮುಳುಗುತ್ತಿತ್ತು. ಕಡಲು, ಎರಡು ದೋಣಿ, ದೂರದಲ್ಲಿ ಕಪ್ಪಗೆ ಬಂಡೆ. ಈಗ ಅಲ್ಲಿ ಯಾರೂ ಇರುವುದಿಲ್ಲ, ದೀಪ ತಾನಾಗಿಯೇ ಹತ್ತಿಕೊಳ್ಳುತ್ತದೆ. ಇಬ್ಬರೂ ಕಾದೆವು. ಸಣ್ಣ ಚುಕ್ಕೆಯೊಂದು ಮಿನುಗಿ, ಆರಿ, ಮತ್ತೆ ಮಿನುಗಿತು.

"ಇಷ್ಟೇನಾ?" ಎಂದರು ಅತ್ತೆ.

"ಇಷ್ಟೇ ಅತ್ತೆ."

"ಇಷ್ಟನ್ನ ತೋರಿಸೋಕೆ ಏನಾಗಿತ್ತು ಅವರಿಗೆ?"

ಕತ್ತಲಾಗುತ್ತಾ ಬಂತು. ಮೀನಿನವಳು ಬಂದು ಕ್ರೇಟು ಬೇಕು ಎಂದಳು. ಸ್ವಲ್ಪ ಹೊತ್ತು ಇರಲಮ್ಮ ಎಂದೆ. ಅತ್ತೆ ಇನ್ನೂ ಇಳಿದಿರಲಿಲ್ಲ.